ಬಹುರಾಷ್ಟ್ರೀಯ ಕಂಪನಿಗಳು: ಈಗ ನಮ್ಮವೂ ಇವೆ

ಉಮ್ಮತ್ತೂರಿನಿಂದ ನಂಜನಗೂಡಿನ ಮೇಲೆ ಮೈಸೂರಿಗೆ ಹೋಗುವ ವಿದ್ಯಾರ್ಥಿಗೆ ಅರ್ಥಶಾಸ್ತ್ರದ ಒಂದು ಪಾಠ ದಾರಿಯಲ್ಲೇ ಸಿಗುತ್ತದೆ. ನಂಜನಗೂಡಿನಲ್ಲಿ 1989ರಲ್ಲಿ ಆರಂಭವಾದ ನೆಸ್ಲೆ ಕಾರ್ಖಾನೆ ಇದೆ. ಮೂಲ ಕಂಪನಿ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಇನ್ನೂ ಮುಂದೆ ಹೋದರೆ ಕಡಕೊಳದ ಬಳಿ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಮೋಟಾರ್ ಕಾರ್ಖಾನೆ. ಇದು ನೆರೆಯ ತಮಿಳುನಾಡಿನ ಕಂಪನಿ. ಇದಕ್ಕೆ ಇಂಡೊನೇಷ್ಯಾದಲ್ಲೂ ಕಾರ್ಖಾನೆ ಇದೆ. 1898ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಪ್ರಸಿದ್ಧ ನಾರ್ಟನ್ ಮೋಟಾರ್ ಸೈಕಲ್ ಸಂಸ್ಥೆಯನ್ನು 2020ರ ಏಪ್ರಿಲ್‌ನಲ್ಲಿ 1 ಕೋಟಿ 60 ಲಕ್ಷ ಪೌಂಡಿಗೆ ಕೊಂಡದ್ದೂ ಇದೇ ಟಿವಿಎಸ್. ಮೈಸೂರು ತಲುಪಿದರೆ ಜೆಕೆ ಟೈರ್. ಹಿರಿಯರ ಬಾಯಲ್ಲಿ ಅದಿನ್ನೂ ‘ವಿಕ್ರಾಂತ್’. 1997ರಲ್ಲಿ ವಿಕ್ರಾಂತ್ ಟೈರ್ಸನ್ನು ತನ್ನದಾಗಿಸಿಕೊಂಡ ಜೆಕೆ, 2008ರಲ್ಲಿ ದೂರದ ಮೆಕ್ಸಿಕೊದ ಟೋರ್ನೆಲ್ ಎಂಬ ಟೈರ್ ಕಂಪನಿಯನ್ನೂ ಖರೀದಿಸಿತು.

ಬಹುರಾಷ್ಟ್ರೀಯ ಕಂಪನಿ ಎಂದರೆ ಹೊರಗಿನಿಂದ ಬಂದು ನಮ್ಮ ಮೇಲೆ ಸವಾರಿ ಮಾಡುವಂಥದ್ದು ಎಂಬ ಭಾವನೆ ಒಂದು ತಲೆಮಾರಿನವರಲ್ಲಿ ಬೇರೂರಿತ್ತು. ಅದಕ್ಕೆ ಕಾರಣಗಳೂ ಇದ್ದವು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತ ಸಂಘದವರು ನುಗ್ಗಿದ್ದರು. 1996ರ ಜನವರಿಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಅಂಗಡಿಗೂ ಅದೇ ಗತಿಯಾಯಿತು. ಆಗ ಪ್ರಶ್ನೆ ಇದ್ದದ್ದು ಒಂದೇ: ಅವರು ಬರಬೇಕೋ ಬೇಡವೋ? ನಮ್ಮವರೂ ಹೊರಗೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ಕೊಂಡಾರು ಎಂದು ಊಹಿಸಿದವರು ವಿರಳ.

‘ಉದಯೋನ್ಮುಖ ಮಾರುಕಟ್ಟೆಗಳು’ ಎಂಬ ಮಾತನ್ನು 1981ರಲ್ಲಿ ಚಲಾವಣೆಗೆ ತಂದವರು ವಿಶ್ವಬ್ಯಾಂಕಿನ ಅಂಗಸಂಸ್ಥೆಯೊಂದರಲ್ಲಿದ್ದ ಆಂಟ್ವಾನ್ ವಾನ್ ಆಗ್ಟ್‌ಮೇಲ್. ‘ಮೂರನೆಯ ಜಗತ್ತು’ ಎಂಬ ಹೆಸರು ಕೇಳಿದರೆ ಹಣ ಹೂಡುವವರು ಹಿಂಜರಿಯುತ್ತಾರೆ ಎಂದು ಅವರು ಹುಡುಕಿದ ಪರ್ಯಾಯ ಇದು. ಹೆಸರು ಬದಲಾದ ಮಾತ್ರಕ್ಕೆ ಹಣೆಬರಹ ಬದಲಾಗುವುದಿಲ್ಲ ನಿಜ. ಆದರೆ ಅದೇ 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು ಸುಧಾ ಮೂರ್ತಿಯವರ ಉಳಿತಾಯದ 10 ಸಾವಿರ ರೂಪಾಯಿಯೊಂದಿಗೆ ಇನ್ಫೋಸಿಸ್ ಆರಂಭಿಸಿದರು. ಅವರ ನಾಯಕ ಎನ್. ಆರ್. ನಾರಾಯಣಮೂರ್ತಿ ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿದವರು. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. ಒಂದು ಕಂಪ್ಯೂಟರ್ ತರಿಸಲು ಲೈಸೆನ್ಸಿಗಾಗಿ ದೆಹಲಿಗೆ ಅಲೆಯಬೇಕಿದ್ದ ಕಾಲ ಅದು. 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಕಂಪನಿಯನ್ನು ಮಾರಿಬಿಡುವ ಮಾತು ಬಂದಾಗ, ‘ಹಾಗಾದರೆ ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ’ ಎಂದು ಮೂರ್ತಿ ಪಟ್ಟು ಹಿಡಿದರು. ಮಾರಾಟ ನಿಂತಿತು. ಮರುವರ್ಷವೇ ಉದಾರೀಕರಣ ಬಂತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಪ್ರವೇಶಿಸಿದ ಮೊದಲ ಭಾರತೀಯ ಕಂಪನಿ ಎನಿಸಿಕೊಂಡಿತು. 2006ರಲ್ಲಿ ಅಮೆರಿಕದಲ್ಲಿ ಪದವಿ ಮುಗಿಸಿದ ಹುಡುಗ ಹುಡುಗಿಯರೇ ತರಬೇತಿಗಾಗಿ ಅದರ ಮೈಸೂರು ಕ್ಯಾಂಪಸ್ಸಿಗೆ ಬಂದಿಳಿದರು!

ಸಿರಿವಂತ ದೇಶಗಳ ದೈತ್ಯರೆದುರು ಇಂಥ ಕಂಪನಿಗಳು ಹೇಗೆ ನಿಂತವು? ಕೂಲಿ ಅಗ್ಗ ಎಂಬುದು ಅರ್ಧ ಉತ್ತರ ಮಾತ್ರ. ಗುಂಡಿ ಬಿದ್ದ ರಸ್ತೆ, ಆಗಾಗ ಹೋಗುವ ಕರೆಂಟು, ಪೈಸೆ ಪೈಸೆ ಲೆಕ್ಕ ಹಾಕುವ ಗಿರಾಕಿ, ಇವೆಲ್ಲವನ್ನೂ ನಿಭಾಯಿಸಿ ಬೆಳೆದವು ಇವು. ಲೀಟರಿಗೆ ಹೆಚ್ಚು ದೂರ ಓಡುವ, ಊರಿನ ಮೆಕ್ಯಾನಿಕ್ಕೇ ಬಿಚ್ಚಿ ರಿಪೇರಿ ಮಾಡಬಲ್ಲ ಬೈಕು ಆಫ್ರಿಕಾದ ಹಳ್ಳಿಗೂ ಬೇಕು, ಚಾಮರಾಜನಗರದ ಹಳ್ಳಿಗೂ ಬೇಕು. ಹೀಗಾಗಿ ಬಜಾಜ್ ಮತ್ತು ಟಿವಿಎಸ್ ಬೈಕುಗಳು ಅಲ್ಲಿ ಬಾಡಿಗೆ ಸವಾರಿಯ ವಾಹನಗಳಾದವು. ಬ್ರೆಜಿಲ್‌ನ ಎಂಬ್ರೇರ್ ಸಣ್ಣ ವಿಮಾನಗಳನ್ನೇ ಕಟ್ಟಿ ಗೆದ್ದಿತು. ಬೆಂಗಳೂರಿನಿಂದ ಕಲಬುರಗಿಗೆ 2019ರಲ್ಲಿ ಹಾರಾಟ ಆರಂಭಿಸಿದ್ದು ಅಂಥ ವಿಮಾನವೇ.

ಎಲ್ಲವೂ ಜಯಭೇರಿಯ ಕಥೆಯಲ್ಲ. ಟಾಟಾ ಸ್ಟೀಲ್ 2007ರಲ್ಲಿ ಸುಮಾರು 1,200 ಕೋಟಿ ಡಾಲರಿಗೆ ಯುರೋಪಿನ ಕೋರಸ್ ಉಕ್ಕು ಕಂಪನಿಯನ್ನು ಕೊಂಡಾಗ ಇಲ್ಲಿನ ಪತ್ರಿಕೆಗಳು ಹೆಮ್ಮೆಪಟ್ಟವು. ಮರುವರ್ಷ ಜಗತ್ತಿಗೇ ಆರ್ಥಿಕ ಹಿಂಜರಿತ ಬಡಿಯಿತು, ಉಕ್ಕಿನ ಬೇಡಿಕೆ ಕುಸಿಯಿತು, ನಷ್ಟ ವರ್ಷಗಟ್ಟಲೆ ಮುಂದುವರಿಯಿತು. ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಕೊನೆಯ ಊದುಕುಲುಮೆ ಆರಿದ್ದು 2024ರ ಸೆಪ್ಟೆಂಬರ್ 30ರಂದು. ಸಾವಿರಾರು ಕುಟುಂಬಗಳ ಕೆಲಸ ಹೋಯಿತು. ‘ಎಲ್ಲೋ ದೂರದಲ್ಲಿ ಕೂತವರು ನಮ್ಮ ಅನ್ನದ ಬಗ್ಗೆ ತೀರ್ಮಾನ ಮಾಡುತ್ತಾರೆ’ ಎಂದು ನಾವು ವಿದೇಶಿ ಕಂಪನಿಗಳ ಬಗ್ಗೆ ಗೊಣಗುತ್ತಿದ್ದೆವಲ್ಲ, ಅಲ್ಲಿನವರು ನಮ್ಮ ಬಗ್ಗೆ ಅದನ್ನೇ ಹೇಳುವಂತಾಯಿತು. ಇನ್ಫೋಸಿಸ್ ಕೂಡ ವೀಸಾ ಪ್ರಕರಣವೊಂದರ ಇತ್ಯರ್ಥಕ್ಕೆ 2013ರಲ್ಲಿ ಅಮೆರಿಕ ಸರ್ಕಾರಕ್ಕೆ 3 ಕೋಟಿ 40 ಲಕ್ಷ ಡಾಲರ್ ತೆರಬೇಕಾಯಿತು. ಕಂಪನಿ ಯಾವ ದೇಶದ್ದೇ ಆಗಲಿ, ಅದರ ಮೇಲೆ ಕಾನೂನಿನ ಕಣ್ಣಿರಲೇಬೇಕು.

ವಿದೇಶಕ್ಕೆ ಸರಕು ಕಳಿಸಿದ ಮಾತ್ರಕ್ಕೆ ಕಂಪನಿ ಬಹುರಾಷ್ಟ್ರೀಯವಾಗುವುದಿಲ್ಲ. ಇದನ್ನು ಚಾಮರಾಜನಗರ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲಕ್ಕೆ ವಿಜಯನಗರಕ್ಕೇ ಸೆಡ್ಡು ಹೊಡೆದ ಪಾಳೆಯಗಾರರ ಸೀಮೆ ಇದು. ಇಲ್ಲಿನ ಕರಿಕಲ್ಲಿಗೆ ಹೊರದೇಶಗಳಲ್ಲಿ ಹೆಸರಿದೆ. ಆದರೆ ದಿಮ್ಮಿಯಾಗಿ ಹೋದ ಕಲ್ಲಿಗೆ ದಿಮ್ಮಿಯ ಬೆಲೆ, ನಯಗೊಳಿಸಿ ಸ್ಮಾರಕ ಮಾಡಿ ಮಾರಿದವನಿಗೆ ಸ್ಮಾರಕದ ಬೆಲೆ.

ಗುಂಡ್ಲುಪೇಟೆಯ ಚೆಂಡು ಹೂವಿನದೂ ಅದೇ ಲೆಕ್ಕ. ರಸ್ತೆ ಪಕ್ಕದ ಹೊಲಗಳಲ್ಲಿ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಆ ಹೂವಿನ ದೊಡ್ಡ ಪಾಲು ದೇವರ ಮುಡಿಗೂ ಅಲ್ಲ, ಮದುವೆ ಚಪ್ಪರಕ್ಕೂ ಅಲ್ಲ. ಕಂಪನಿಗಳು ಮೊದಲೇ ದರ ಗೊತ್ತು ಮಾಡಿ ರೈತರಿಂದ ಬೆಳೆಸುತ್ತವೆ. ದಳಗಳನ್ನು ಒಣಗಿಸಿ, ಹೆಕ್ಸೇನ್ ದ್ರಾವಕದಲ್ಲಿ ನೆನೆಸಿ ಬಣ್ಣ ತೆಗೆಯುತ್ತಾರೆ. ಆ ಬಣ್ಣದಲ್ಲಿರುವ ಲ್ಯೂಟಿನ್ ಕೋಳಿಯ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿಗೆ ರಂಗು ಕೊಡುತ್ತದೆ. ಶುದ್ಧಗೊಂಡು ಕಣ್ಣಿನ ಆರೋಗ್ಯದ ಮಾತ್ರೆಯಾಗಿಯೂ ಮಾರಾಟವಾಗುತ್ತದೆ. ಹೂವು ಕಿಲೋ ಲೆಕ್ಕದಲ್ಲಿ ಹೋಗಿ ಮಿಲಿಗ್ರಾಂ ಲೆಕ್ಕದಲ್ಲಿ ಔಷಧಿ ಅಂಗಡಿಗೆ ಬರುತ್ತದೆ. ‘ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಏನು ಗತಿ?’ ಎಂದು ಕೊರಗುವ ತಂದೆತಾಯಂದಿರು ಮಕ್ಕಳ ಪಿಯುಸಿ ರಸಾಯನಶಾಸ್ತ್ರ ಪುಸ್ತಕ ತೆರೆದು ನೋಡಬಹುದು. ದ್ರಾವಕದಿಂದ ವಸ್ತುವನ್ನು ಬೇರ್ಪಡಿಸುವ ಆ ವಿಧಾನ ಪ್ರಥಮ ವರ್ಷದ ಪಾಠದಲ್ಲೇ ಇದೆ.