ನಕ್ಷೆ ಬರೆದವನ ಸೆರೆ

ಲಿಬಿಯಾದ ಕುಫ್ರಾ ಓಯಸಿಸ್‌ನಿಂದ ದಕ್ಷಿಣಕ್ಕೆ ಜೆಬೆಲ್ ಶೆರೀಫ್ ಎಂಬ ಕಲ್ಲುಗುಡ್ಡವಿದೆ. 1941ರ ಜನವರಿ 31. ಬ್ರಿಟಿಷ್ ಸೇನೆಯ ಬೇಹುಪಡೆ ಲಾಂಗ್ ರೇಂಜ್ ಡೆಸರ್ಟ್ ಗ್ರೂಪಿನ ಟ್ರಕ್ಕುಗಳು ಅದರ ಕಣಿವೆಯಲ್ಲಿ ಬಂಡೆಗಳ ಮರೆಗೆ ನಿಂತಿವೆ. ರೇಡಿಯೇಟರಿನಿಂದ ಏಳುವ ಆವಿಯೂ ಪೋಲಾಗದಂತೆ ಕೊಳವೆಯೊಂದು ಅದನ್ನು ಪಕ್ಕದ ಡಬ್ಬಿಗೆ ಇಳಿಸುತ್ತದೆ. ಟ್ರಕ್ಕಿನ ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಕೆಡಿಸುವುದರಿಂದ ಚಾಲಕನ ಮುಂದೆ ಬಿಸಿಲಿನ ನೆರಳು ನೋಡಿ ದಿಕ್ಕು ಹಿಡಿಯುವ ಸೌರ ದಿಕ್ಸೂಚಿ.

ಪಡೆಯ ಮುಂದಾಳು ಮೇಜರ್ ಪ್ಯಾಟ್ ಕ್ಲೇಟನ್. ಈಜಿಪ್ಟಿನ ಸರ್ವೆ ಇಲಾಖೆಯಲ್ಲಿ ದುಡಿದು ಈ ಮರಳನ್ನು ಅಳೆದವರು. 1931ರಲ್ಲಿ ಇಟಲಿಯ ಸೈನ್ಯ ಕುಫ್ರಾವನ್ನು ಹಿಡಿದಾಗ, ಮರುಭೂಮಿಗೆ ಓಡಿ ನೀರಡಿಸಿ ಸಾಯುತ್ತಿದ್ದ ಜನರನ್ನು ಹುಡುಕಿ ಕಾಪಾಡಿದವರೂ ಅವರೇ. ಈಗ ಅದೇ ಕುಫ್ರಾದತ್ತ ಹೊರಟ ಫ್ರೆಂಚ್ ಪಡೆಗೆ ಮುಂದಿನ ದಾರಿ ನೋಡಿಕೊಡುತ್ತಿದ್ದಾರೆ.

ಆಕಾಶದಲ್ಲಿ ಇಟಲಿಯ ವಿಮಾನ ಸುತ್ತುತ್ತದೆ. ಬೆನ್ನಿಗೇ ಇಟಲಿಯವರ ಮರುಭೂಮಿ ಪಡೆ ಕಣಿವೆಯ ಬಾಯಿ ಕಟ್ಟುತ್ತದೆ. ಮೂರು ಟ್ರಕ್ಕುಗಳು ಹೊತ್ತಿ ಉರಿಯುತ್ತವೆ. ಗಾಯಗೊಂಡ ಕ್ಲೇಟನ್ ಸೆರೆಸಿಕ್ಕುತ್ತಾರೆ. ತಪ್ಪಿಸಿಕೊಂಡ ನಾಲ್ವರು ಒಂದು ತಗಡಿನ ಡಬ್ಬಿಯಷ್ಟು ನೀರು ಹೊತ್ತು ದಕ್ಷಿಣಕ್ಕೆ ನಡೆಯುತ್ತಾರೆ. ಅವರಲ್ಲಿ ನ್ಯೂಜಿಲೆಂಡಿನ ರೊನಾಲ್ಡ್ ಮೂರ್ ಕಾಲಿನ ಗಾಯದೊಂದಿಗೇ ಸುಮಾರು 210 ಮೈಲಿ ಸವೆಸಿ, ಹತ್ತನೆಯ ದಿನ ಫ್ರೆಂಚರ ಕಣ್ಣಿಗೆ ಬೀಳುತ್ತಾರೆ. ನಾಲ್ವರಲ್ಲಿ ಜಾನ್ ಈಸ್ಟನ್ ಮಾತ್ರ ಬದುಕುಳಿಯುವುದಿಲ್ಲ.

ಕ್ಲೇಟನ್ ಪಾಲಿಗೆ ಇಟಲಿಯ ಸೆರೆಶಿಬಿರ. ಅಲ್ಲಿ ಕೈದಿಗಳ ದಿನಕ್ಕೆ ಹಾಜರಿಯ ಕೂಗೇ ಗಡಿಯಾರ. ತೆಳು ಸಾರು, ಅಳತೆಯ ರೊಟ್ಟಿ, ರೆಡ್ ಕ್ರಾಸ್ ಪೊಟ್ಟಣದ ನಿರೀಕ್ಷೆ, ಸೆನ್ಸಾರಿನ ಕಣ್ಣು ದಾಟಿ ಮನೆಗೆ ಹೋಗಬೇಕಾದ ಕಾಗದ. ಬೇಹುಗಾರನಿಗೆ ದೂರವೇ ಬದುಕು. ಮುಳ್ಳುತಂತಿ ಮೊದಲು ಕಿತ್ತುಕೊಳ್ಳುವುದು ಅದನ್ನೇ. ಯುದ್ಧ ಮುಗಿಯುವವರೆಗೂ ಅವರಿಗೆ ಬಿಡುಗಡೆಯಿರಲಿಲ್ಲ.

ಆದರೆ ಅವರು ಸೆರೆಸಿಕ್ಕ ಒಂದೇ ತಿಂಗಳಲ್ಲಿ, ಮಾರ್ಚ್ 1ರಂದು, ಕುಫ್ರಾ ಫ್ರೆಂಚ್ ಮುಂದಾಳು ಲೆಕ್ಲೆರ್ಕ್ ಅವರ ಪಡೆಗೆ ಶರಣಾಯಿತು. ಕ್ಲೇಟನ್ ಇಲ್ಲದೆಯೂ ಬೇಹುಪಡೆ ಮರಳಿನಲ್ಲಿ ಓಡಾಡುತ್ತಲೇ ಇತ್ತು. ವರ್ಷಗಟ್ಟಲೆ ಬಿಸಿಲಲ್ಲಿ ಬೆಂದು ಕಂಡದ್ದನ್ನು ಅವರು ತಮ್ಮ ತಲೆಯಲ್ಲಷ್ಟೇ ಇಟ್ಟುಕೊಂಡಿದ್ದರೆ ಅದೂ ಅವರೊಂದಿಗೆ ಸೆರೆಯಾಗುತ್ತಿತ್ತು. ನಕ್ಷೆಗೆ ಇಳಿಸಿದ್ದರು, ಹಾಗಾಗಿ ಶತ್ರುವಿನ ಕೈಗೆ ಸಿಕ್ಕಿದ್ದು ಮನುಷ್ಯ ಮಾತ್ರ, ಅವರ ದುಡಿಮೆಯಲ್ಲ.