ಪ್ರತಿಕಾಯ ಇದ್ದರೆ ರೋಗ ಇದೆಯೆಂದೇ?

ಪ್ರತಿಜನಕ, ಪ್ರತಿಕಾಯ ಎಂಬ ಎರಡು ಪದಗಳ ವ್ಯಾಖ್ಯೆಯನ್ನು ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಆದರೆ ‘ಒಬ್ಬರ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು, ಅವರಿಗೆ ರೋಗ ಇದೆಯೇ?’ ಎಂದು ಕೇಳಿದರೆ ಹೆಚ್ಚಿನವರ ಉತ್ತರ ‘ಇದೆ’ ಎಂದೇ. ಈ ಗೊಂದಲ ಬಿಡಿಸಲು ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಒಳ್ಳೆಯ ಉದಾಹರಣೆ.

ಇದೊಂದು ಬಗೆಯ ಯೀಸ್ಟ್. ಪಾರಿವಾಳದ ಒಣಗಿದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ ಇರುತ್ತದೆ. ಧೂಳಿನೊಂದಿಗೆ ಶ್ವಾಸಕೋಶ ಸೇರುತ್ತದೆ. ನಾಲವಾರ, ವಾಡಿ ಕಡೆ ಪಾರಿವಾಳ ಕೂರದ ಹಳೆಯ ಕಟ್ಟಡ ಹುಡುಕಬೇಕಷ್ಟೆ! 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಮಕ್ಕಳ ರಕ್ತ ಪರೀಕ್ಷಿಸಿದಾಗ, ಎರಡು ವರ್ಷ ದಾಟಿದ ಬಹುಪಾಲು ಮಕ್ಕಳಲ್ಲಿ ಈ ಶಿಲೀಂಧ್ರದ ವಿರುದ್ಧ ಪ್ರತಿಕಾಯಗಳಿದ್ದವು. ಆ ಮಕ್ಕಳ ರೋಗನಿರೋಧಕ ಶಕ್ತಿ ಚೆನ್ನಾಗಿಯೇ ಇತ್ತು. ಅಂದರೆ ಪ್ರತಿಕಾಯ ಹೇಳುವುದು ‘ಭೇಟಿ ಆಗಿದೆ’ ಎಂದು ಮಾತ್ರ.

ಎಚ್‌ಐವಿ ಸೋಂಕು ಮುಂದುವರಿದು ಸಿಡಿ4 ಕೋಶಗಳು ರಕ್ತದ ಒಂದು ಮೈಕ್ರೊಲೀಟರಿಗೆ 100ಕ್ಕಿಂತ ಕಡಿಮೆಯಾದವರಲ್ಲಿ ಕಥೆಯೇ ಬೇರೆ. ಶಿಲೀಂಧ್ರ ರಕ್ತದ ಮೂಲಕ ಮಿದುಳಿನ ಪೊರೆಗೆ ತಲುಪುತ್ತದೆ. ವಾರಗಟ್ಟಲೆ ತಲೆನೋವು, ಜ್ವರ, ವಾಂತಿ; ಚಿಕಿತ್ಸೆ ಸಿಗದಿದ್ದರೆ ಸಾವು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರಿಗೆ ಇದು ಹಳೆಯ ಪರಿಚಯದ ರೋಗ.

ಇಂಥ ರೋಗಿಯ ರಕ್ತದಲ್ಲೂ ಪ್ರತಿಕಾಯ ಇರಬಹುದು. ಹಾಗಿದ್ದರೂ ಅದು ಕಾಪಾಡಲಿಲ್ಲವೇಕೆ? ಶಿಲೀಂಧ್ರದ ಸುತ್ತ ಸಕ್ಕರೆ ಅಣುಗಳ ದಪ್ಪ ಕವಚವಿದೆ. ಭಕ್ಷಕ ಕೋಶಗಳಿಗೆ ಅದನ್ನು ನುಂಗುವುದು ಕಷ್ಟ. ಆ ಕೋಶಗಳನ್ನು ಹುರಿದುಂಬಿಸಬೇಕಾದ ಸಿಡಿ4 ಕೋಶಗಳೇ ಇಲ್ಲ. ಕಳ್ಳನ ಬೆನ್ನಿಗೆ ಗುರುತಿನ ಚೀಟಿ ಅಂಟಿಸಿದ್ದೇವೆ, ಹಿಡಿಯಲು ಪೊಲೀಸರಿಲ್ಲ ಎಂದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

ಆದ್ದರಿಂದಲೇ ವೈದ್ಯರು ಇಲ್ಲಿ ಪ್ರತಿಕಾಯವನ್ನು ಹುಡುಕುವುದಿಲ್ಲ, ಪ್ರತಿಜನಕವನ್ನು ಹುಡುಕುತ್ತಾರೆ. ಕವಚದ ಚೂರುಗಳು ಕಳಚಿ ರಕ್ತದಲ್ಲೂ ಬೆನ್ನುಹುರಿಯ ದ್ರವದಲ್ಲೂ ತೇಲುತ್ತವೆ. ಒಂದು ಪಟ್ಟಿಯನ್ನು ಅದ್ದಿದರೆ ಸುಮಾರು ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ತಲೆನೋವು ಶುರುವಾಗುವ ವಾರಗಳ ಮೊದಲೇ ಈ ಚೂರುಗಳು ರಕ್ತದಲ್ಲಿ ಸಿಗುತ್ತವೆ. ಆಗಲೇ ಔಷಧಿ ಕೊಟ್ಟರೆ ಜೀವ ಉಳಿಯಬಹುದು. ಸಿಡಿ4 ಎಣಿಕೆ 100ಕ್ಕಿಂತ ಕಡಿಮೆ ಇರುವವರಿಗೆ ಈ ಪರೀಕ್ಷೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಕಪ್ಪುಹಲಗೆಯ ಮೇಲೆ ಇಬ್ಬರ ಚಿತ್ರ ಬರೆಯಿರಿ: ಆರೋಗ್ಯವಂತ, ರೋಗಿ. ಯಾರಲ್ಲಿ ಪ್ರತಿಕಾಯ, ಯಾರಲ್ಲಿ ಪ್ರತಿಜನಕ ಎಂದು ಮಕ್ಕಳೇ ತುಂಬಲಿ. ಪ್ರತಿಕಾಯದ ಸಾಲಿನಲ್ಲಿ ಇಬ್ಬರಿಗೂ ಗುರುತು ಬಿದ್ದಾಗ ಚರ್ಚೆ ತಾನಾಗಿ ಶುರುವಾಗುತ್ತದೆ, ಅದಕ್ಕೆ ಹತ್ತು ನಿಮಿಷವಾದರೂ ಬಿಡಬೇಕು. ‘ಹಾಗಾದ್ರೆ ಪಾರಿವಾಳ ಓಡಿಸಬೇಕೇನ್ರೀ ಸರ್?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಒಣ ಹಿಕ್ಕೆಯನ್ನು ಹಾಗೇ ಗುಡಿಸದೆ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಬೇಕೆಂದು ಹೇಳಿ. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ರೋಗಿಯ ಪಕ್ಕದಲ್ಲಿ ಕೂತು ಉಣ್ಣಬಹುದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.