ಆಲ್ಬಂ ಮುದ್ರಣದಲ್ಲಿ ವರ್ಣಾವಕಾಶದ ಆಯ್ಕೆ

ವರ್ಣಾವಕಾಶ (ಕಲರ್ ಸ್ಪೇಸ್) ಎಂದರೆ ಡಿಜಿಟಲ್ ಛಾಯಾಚಿತ್ರದಲ್ಲಿ ದಾಖಲಾಗಿರುವ ಸಂಖ್ಯೆಗಳು ಯಾವ ಬಣ್ಣವನ್ನು ಸೂಚಿಸುತ್ತವೆ ಎಂಬುದನ್ನು ನಿಗದಿಪಡಿಸುವ ವ್ಯವಸ್ಥೆ. ಮದುವೆ, ನಾಮಕರಣ, ಗೃಹಪ್ರವೇಶ ಮೊದಲಾದ ಸಮಾರಂಭಗಳ ಚಿತ್ರಗಳನ್ನು ಆಲ್ಬಂ ರೂಪದಲ್ಲಿ ಮುದ್ರಿಸುವಾಗ ವರ್ಣಾವಕಾಶದ ಆಯ್ಕೆ ಮುಖ್ಯವಾಗುತ್ತದೆ. ಕ್ಯಾಮೆರಾ, ಕಂಪ್ಯೂಟರ್ ಮತ್ತು ಮುದ್ರಣ ಯಂತ್ರಗಳು ಒಂದೇ ಸಂಖ್ಯೆಯನ್ನು ಬೇರೆ ಬೇರೆ ರೀತಿಯಲ್ಲಿ ಅರ್ಥೈಸಿದರೆ ಮುದ್ರಿತ ಚಿತ್ರದಲ್ಲಿ ಮುಖದ ಕಳೆಯೂ ಸೀರೆಯ ಬಣ್ಣವೂ ಬದಲಾಗುತ್ತವೆ. ಕಡತವನ್ನು ಮುದ್ರಿಸುವ ಲ್ಯಾಬ್ ಯಾವ ವರ್ಣಾವಕಾಶವನ್ನು ಕೇಳುತ್ತದೆಯೋ ಅದರಲ್ಲಿಯೇ ಕೊಡಬೇಕೆಂಬುದು ಈ ಆಯ್ಕೆಯ ಮೂಲ ನಿಯಮವಾಗಿದೆ.

ಅರ್ಥ ಮತ್ತು ಹಿನ್ನೆಲೆ

ಸಾಮಾನ್ಯ ಜೆಪೆಗ್ ಚಿತ್ರದ ಪ್ರತಿಯೊಂದು ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿಗಳಿಗೆ 0ಯಿಂದ 255ರವರೆಗಿನ ಒಂದೊಂದು ಸಂಖ್ಯೆ ಇರುತ್ತದೆ. ಇವುಗಳಿಂದ 1,67,77,216 ಸಂಯೋಜನೆಗಳು ಸಾಧ್ಯ. ಆದರೆ ಸಂಖ್ಯೆಯೇ ಬಣ್ಣವಲ್ಲ. ರಾಗಿಯನ್ನು ಅಳೆಯುವಾಗ "ಹತ್ತು" ಎಂದಷ್ಟೇ ಹೇಳಿದರೆ ಅದು ಹತ್ತು ಸೇರೋ ಹತ್ತು ಪಲ್ಲವೋ ತಿಳಿಯದು. ಹಾಗೆಯೇ "ಹಸಿರು 255" ಎಂದರೆ ಎಷ್ಟು ಗಾಢವಾದ ಹಸಿರು ಎಂಬುದು ವರ್ಣಾವಕಾಶವನ್ನು ಹೇಳಿದ ನಂತರವೇ ಸ್ಪಷ್ಟವಾಗುತ್ತದೆ.

ಮನುಷ್ಯನ ಕಣ್ಣಿಗೆ ಕಾಣುವ ಬಣ್ಣಗಳನ್ನು ಅಳತೆಗೆ ಒಳಪಡಿಸುವ ಮಾನಕವನ್ನು ಅಂತರರಾಷ್ಟ್ರೀಯ ದೀಪನ ಆಯೋಗವು (ಸಿಐಇ) 1931ರಲ್ಲಿ ರೂಪಿಸಿತು. ನಂತರ ಬಂದ ವರ್ಣಾವಕಾಶಗಳಿಗೆಲ್ಲ ಅದೇ ತಳಹದಿ. ಬೇರೆ ಬೇರೆ ಸಾಧನಗಳ ನಡುವೆ ಬಣ್ಣದ ಮಾಹಿತಿಯನ್ನು ಸಾಗಿಸಲು ಬಳಸುವ "ಪ್ರೊಫೈಲ್" ಪದ್ಧತಿಯನ್ನು 1993ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವರ್ಣ ಒಕ್ಕೂಟವು (ಐಸಿಸಿ) ಬೆಳೆಸಿತು.

ಬಳಕೆಯಲ್ಲಿರುವ ವರ್ಣಾವಕಾಶಗಳು

• ಎಸ್‌ಆರ್‌ಜಿಬಿ: ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ರೂಪಿಸಿದ್ದು. 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ವ್ಯಾಪ್ತಿ ಚಿಕ್ಕದಾದರೂ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿದೆ.
• ಅಡೋಬಿ ಆರ್‌ಜಿಬಿ (1998): ಇದರ ಕೆಂಪು ಮತ್ತು ನೀಲಿಯ ಮೂಲಬಿಂದುಗಳು ಎಸ್‌ಆರ್‌ಜಿಬಿಯವೇ, ಹಸಿರಿನ ಬಿಂದು ಮಾತ್ರ ಬೇರೆ. ಆದ್ದರಿಂದ ಇದರ ಹೆಚ್ಚಿನ ವ್ಯಾಪ್ತಿ ಮುಖ್ಯವಾಗಿ ಹಸಿರು ಮತ್ತು ಹಸಿರುಮಿಶ್ರಿತ ನೀಲಿಗಳಲ್ಲಿದೆ.
• ಡಿಸ್‌ಪ್ಲೇ ಪಿ3: ಡಿಜಿಟಲ್ ಸಿನಿಮಾದ ಮಾನಕವನ್ನು ಆಧರಿಸಿದ್ದು. ಐಫೋನ್ 7 (2016) ಮತ್ತು ನಂತರದ ಐಫೋನ್‌ಗಳ ಚಿತ್ರಗಳು ಸಾಮಾನ್ಯವಾಗಿ ಇದರಲ್ಲಿರುತ್ತವೆ.
• ಪ್ರೊಫೋಟೋ ಆರ್‌ಜಿಬಿ: ಕೊಡಾಕ್ ಸಂಸ್ಥೆ ರೂಪಿಸಿದ ಅತಿ ವಿಶಾಲ ವರ್ಣಾವಕಾಶ. ಇದರ ಒಂದು ಭಾಗ ಕಣ್ಣಿಗೆ ಕಾಣುವ ಬಣ್ಣಗಳ ಆಚೆಗೂ ಹೋಗುತ್ತದೆ. ಇದನ್ನು 16 ಬಿಟ್ ಕಡತಗಳಲ್ಲಿ ತಿದ್ದುಪಡಿಯ ಹಂತಕ್ಕೆ ಬಳಸುತ್ತಾರೆ. 8 ಬಿಟ್‌ನಲ್ಲಿ ಬಳಸಿದರೆ ಆಕಾಶದಂತಹ ಭಾಗಗಳಲ್ಲಿ ಪಟ್ಟೆಗಳು ಕಾಣಿಸಿಕೊಳ್ಳಬಹುದು.
• ಸಿಎಂವೈಕೆ: ಸಯಾನ್, ಮಜೆಂಟಾ, ಹಳದಿ ಮತ್ತು ಕಪ್ಪು ಶಾಯಿಗಳ ಪ್ರಮಾಣವನ್ನು ಹೇಳುವ ಪದ್ಧತಿ. ಶಾಯಿ ಮತ್ತು ಕಾಗದ ಬದಲಾದರೆ ಇದರ ಪ್ರೊಫೈಲ್ ಕೂಡ ಬದಲಾಗುತ್ತದೆ.

ಮುದ್ರಣ ವಿಧಾನಗಳು

ಆಲ್ಬಂಗಳ ಮುದ್ರಣದಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಬೆಳಕಿಗೆ ಸ್ಪಂದಿಸುವ ಫೋಟೋ ಕಾಗದದ ಮೇಲೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಚಿತ್ರ ಮೂಡಿಸಿ ರಾಸಾಯನಿಕ ದ್ರಾವಣಗಳಲ್ಲಿ ಸಂಸ್ಕರಿಸಲಾಗುತ್ತದೆ. ಇಂತಹ ಲ್ಯಾಬ್‌ಗಳು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಕಡತಗಳನ್ನೇ ಕೇಳುತ್ತವೆ. ಎರಡನೆಯದು ಶಾಯಿ ಅಥವಾ ಟೋನರ್ ಬಳಸುವ ಡಿಜಿಟಲ್ ಪ್ರೆಸ್. ಇಲ್ಲಿ ಅಂತಿಮ ಮುದ್ರಣ ಸಿಎಂವೈಕೆಯಲ್ಲಿ ನಡೆದರೂ ಅನೇಕ ಮುದ್ರಕರು ಆರ್‌ಜಿಬಿ ಕಡತವನ್ನೇ ಪಡೆದು, ತಮ್ಮ ಯಂತ್ರಕ್ಕೆ ಹೊಂದುವಂತೆ ತಾವೇ ಪರಿವರ್ತಿಸಿಕೊಳ್ಳುತ್ತಾರೆ. ಮುದ್ರಕರು ಪ್ರೊಫೈಲ್ ಕೊಡದಿದ್ದಾಗ ಸ್ಟುಡಿಯೋದಲ್ಲಿಯೇ ಸಿಎಂವೈಕೆಗೆ ಪರಿವರ್ತಿಸುವುದು ಸೂಕ್ತವಲ್ಲ.

ಪರದೆಯ ಮೇಲೆ ಹೊಳೆಯುವ ಕಡುನೀಲಿ, ನೇರಳೆ ಮತ್ತು ಎಳೆಹಸಿರುಗಳನ್ನು ಶಾಯಿ ಪೂರ್ಣವಾಗಿ ಮೂಡಿಸಲಾರದು. ಇದು ಮುದ್ರಕರ ತಪ್ಪಲ್ಲ, ಮಾಧ್ಯಮದ ಮಿತಿ.

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆಯಂತಹ ತಾಲ್ಲೂಕು ಕೇಂದ್ರಗಳ ಸ್ಟುಡಿಯೋಗಳು ಚಿತ್ರೀಕರಣ ಮತ್ತು ಪುಟವಿನ್ಯಾಸವನ್ನು ತಾವು ಮಾಡಿ, ಮುದ್ರಣವನ್ನು ನಗರದ ಲ್ಯಾಬ್‌ಗಳಿಗೆ ವಹಿಸುವುದುಂಟು. ವಿನ್ಯಾಸಕಾರನೂ ಮುದ್ರಕನೂ ಬೇರೆ ಬೇರೆ ಊರುಗಳಲ್ಲಿರುವುದರಿಂದ, ಕಡತದೊಂದಿಗೆ ಸಾಗುವ ಪ್ರೊಫೈಲ್ ಒಂದೇ ಅವರ ನಡುವಿನ ಬಣ್ಣದ ಒಪ್ಪಂದವಾಗಿರುತ್ತದೆ.

ಈ ಭಾಗದ ದೃಶ್ಯಗಳು ವರ್ಣಾವಕಾಶದ ವ್ಯತ್ಯಾಸವನ್ನು ಅರಿಯಲು ಒಳ್ಳೆಯ ಉದಾಹರಣೆಗಳಾಗಿವೆ. ಭತ್ತದ ಕಣಜವೆನಿಸಿದ ಕೆ.ಆರ್.ನಗರದ ನಾಟಿ ಗದ್ದೆಗಳ ಹಸಿರು, ಹುಣಸೂರು ಮತ್ತು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳು, ಎಚ್.ಡಿ.ಕೋಟೆಯ ಕಬಿನಿ ಹಿನ್ನೀರು ಹಾಗೂ ನಾಗರಹೊಳೆ ಕಾಡಿನ ಚಿತ್ರಗಳಲ್ಲಿ ಅಡೋಬಿ ಆರ್‌ಜಿಬಿಯ ಹೆಚ್ಚಿನ ವ್ಯಾಪ್ತಿ ಉಪಯೋಗಕ್ಕೆ ಬರಬಹುದು. ಮದುವೆ ಮಂಟಪದ ಚಿತ್ರಗಳಲ್ಲಿ ಗಮನ ಸೆಳೆಯುವುದು ಚರ್ಮದ ಬಣ್ಣ, ಅರಿಶಿನ, ಕುಂಕುಮ, ಕನಕಾಂಬರ ಮತ್ತು ಜರಿ. ಇಂತಹ ಚಿತ್ರಗಳಲ್ಲಿ ವಿಶಾಲ ವ್ಯಾಪ್ತಿಗಿಂತ ಸರಿಯಾದ ಪರಿವರ್ತನೆಯೇ ಹೆಚ್ಚು ಫಲ ನೀಡುತ್ತದೆ.

ಸಿದ್ಧತೆಯ ಕ್ರಮ

1. ಲ್ಯಾಬ್ ಯಾವ ವರ್ಣಾವಕಾಶವನ್ನು ಕೇಳುತ್ತದೆ ಎಂಬುದನ್ನು ವಿನ್ಯಾಸ ಆರಂಭಿಸುವ ಮೊದಲೇ ವಿಚಾರಿಸಬೇಕು. ಉತ್ತರ ದೊರೆಯದಿದ್ದರೆ ಎಸ್‌ಆರ್‌ಜಿಬಿ ಸುರಕ್ಷಿತ.
2. ಸಾಧ್ಯವಾದರೆ ರಾ ರೂಪದಲ್ಲಿ ಚಿತ್ರೀಕರಿಸಬೇಕು. ಕ್ಯಾಮೆರಾದ ವರ್ಣಾವಕಾಶದ ಆಯ್ಕೆ ಜೆಪೆಗ್‌ಗೆ ಅನ್ವಯಿಸುತ್ತದೆ. ರಾ ಕಡತದ ವರ್ಣಾವಕಾಶವನ್ನು ನಂತರವೂ ನಿರ್ಧರಿಸಬಹುದು.
3. ಪರದೆಯನ್ನು ಅಳತೆಯ ಉಪಕರಣದಿಂದ ಸರಿಹೊಂದಿಸಿ, ಪ್ರಖರತೆಯನ್ನು ಮಿತಿಯಲ್ಲಿಡಬೇಕು. ಪರದೆ ಅತಿ ಪ್ರಖರವಾಗಿದ್ದರೆ ಮುದ್ರಣ ಮಂಕಾಗಿ ತೋರುತ್ತದೆ.
4. ಬೇರೆ ಬೇರೆ ಕ್ಯಾಮೆರಾ ಮತ್ತು ಮೊಬೈಲ್‌ಗಳಿಂದ ಬಂದ ಚಿತ್ರಗಳನ್ನು ಪುಟದಲ್ಲಿ ಜೋಡಿಸುವ ಮೊದಲು ಒಂದೇ ವರ್ಣಾವಕಾಶಕ್ಕೆ ಪರಿವರ್ತಿಸಬೇಕು.
5. ಅಂತಿಮ ಕಡತದಲ್ಲಿ ಪ್ರೊಫೈಲ್ ಅಡಕವಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.
6. 12×36 ಅಂಗುಲದ ಹಾಳೆಗೆ ಅಂಗುಲಕ್ಕೆ 300 ಬಿಂದುಗಳಂತೆ 3600×10800 ಬಿಂದುಗಳು ಬೇಕಾಗುತ್ತವೆ. ಇಡೀ ಆಲ್ಬಂ ಮುದ್ರಿಸುವ ಮೊದಲು ಒಂದು ಹಾಳೆಯನ್ನು ಮಾದರಿಯಾಗಿ ಮುದ್ರಿಸಿ, ಹಗಲಿನ ಬೆಳಕಿನಲ್ಲಿ ನೋಡುವುದು ಉತ್ತಮ.

ಸಾಮಾನ್ಯ ದೋಷಗಳು

ಫೋಟೋಶಾಪ್ ತಂತ್ರಾಂಶದಲ್ಲಿ "ಕನ್ವರ್ಟ್ ಟು ಪ್ರೊಫೈಲ್" ಮತ್ತು "ಅಸೈನ್ ಪ್ರೊಫೈಲ್" ಎಂಬ ಎರಡು ಆದೇಶಗಳಿವೆ. ಮೊದಲನೆಯದು ಬಣ್ಣವನ್ನು ಸಾಧ್ಯವಾದಷ್ಟು ಉಳಿಸಿಕೊಂಡು ಸಂಖ್ಯೆಗಳನ್ನು ಬದಲಿಸುತ್ತದೆ. ಎರಡನೆಯದು ಸಂಖ್ಯೆಗಳನ್ನು ಹಾಗೆಯೇ ಬಿಟ್ಟು ಅವುಗಳ ಅರ್ಥವನ್ನು ಬದಲಿಸುತ್ತದೆ, ಅಂದರೆ ಸೇರಿನ ಲೆಕ್ಕಕ್ಕೆ ಪಲ್ಲದ ಚೀಟಿ ಅಂಟಿಸಿದಂತೆ. ಮುದ್ರಣಕ್ಕೆ ಸಿದ್ಧಪಡಿಸುವಾಗ ಬೇಕಾದುದು ಸಾಮಾನ್ಯವಾಗಿ ಮೊದಲನೆಯದು.

ಅಡೋಬಿ ಆರ್‌ಜಿಬಿ ಕಡತವನ್ನು ಪ್ರೊಫೈಲ್ ಇಲ್ಲದೆ ಕಳುಹಿಸಿ, ಲ್ಯಾಬ್ ಅದನ್ನು ಎಸ್‌ಆರ್‌ಜಿಬಿ ಎಂದು ಭಾವಿಸಿದರೆ ಬಣ್ಣಗಳು ಪೇಲವವಾಗುತ್ತವೆ. ಎಸ್‌ಆರ್‌ಜಿಬಿ ಕಡತಕ್ಕೆ ಅಡೋಬಿ ಆರ್‌ಜಿಬಿ ಪ್ರೊಫೈಲ್ ಅಂಟಿಸಿದರೆ ಇದಕ್ಕೆ ವಿರುದ್ಧವಾಗಿ ಬಣ್ಣಗಳು ಉಬ್ಬರಗೊಂಡು ಮುಖಗಳು ಕೆಂಪೇರುತ್ತವೆ. ಚಿಕ್ಕ ವರ್ಣಾವಕಾಶದಲ್ಲಿ ಈಗಾಗಲೇ ಕಳೆದುಹೋದ ಬಣ್ಣಗಳು ಅದನ್ನು ದೊಡ್ಡದಕ್ಕೆ ಪರಿವರ್ತಿಸಿದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಮೂಲ ಕಡತಗಳ ಸಂರಕ್ಷಣೆ

ಆಲ್ಬಂಗಾಗಿ ಮಾಡಿದ ಪರಿವರ್ತನೆಯನ್ನು ಪ್ರತಿಯ ಮೇಲೆ ಮಾತ್ರ ಮಾಡಿ, ರಾ ಅಥವಾ ವಿಶಾಲ ವರ್ಣಾವಕಾಶದ ಮೂಲ ಕಡತವನ್ನು ಪ್ರತ್ಯೇಕವಾಗಿ ಉಳಿಸಬೇಕು. ಕಾಗದದ ಆಲ್ಬಂ ಮಸುಕಾಗಬಹುದು, ಒದ್ದೆಯಾಗಿ ಪುಟಗಳು ಅಂಟಿಕೊಳ್ಳಬಹುದು. ಧಾರೆಯ ಮುಹೂರ್ತವನ್ನಾಗಲಿ, ಅಂದು ಮಂಟಪದಲ್ಲಿದ್ದ ಹಿರಿಯರನ್ನಾಗಲಿ ಮತ್ತೆ ಚಿತ್ರೀಕರಿಸಲು ಸಾಧ್ಯವಿಲ್ಲ. ಮೂಲ ಕಡತ ಉಳಿದಿದ್ದರೆ ಮುಂದೆ ಬೇರೆ ಲ್ಯಾಬ್‌ನಲ್ಲಿ, ಬೇರೆ ಕಾಗದದ ಮೇಲೆ ಆ ಆಲ್ಬಂ ಅನ್ನು ಸರಿಯಾದ ಬಣ್ಣದಲ್ಲಿ ಮತ್ತೆ ಮುದ್ರಿಸಬಹುದು.

ಇವನ್ನೂ ನೋಡಿ

• ಛಾಯಾಗ್ರಹಣ
• ಬಣ್ಣ
• ಮುದ್ರಣ